ಮಿತಾಕ್ಷರದ ವಿಜ್ಞಾನೇಶ್ವರ: ಆಸ್ತಿ ತೊರೆದವನು ಬರೆದ ಆಸ್ತಿ ಕಾನೂನು

ಬೆಂಗಳೂರು ದಕ್ಷಿಣದ ಕುಮಾರಸ್ವಾಮಿ ಲೇಔಟ್‌ನಲ್ಲಿ ಮೂವತ್ತು-ನಲವತ್ತರ ನಿವೇಶನವೊಂದು ಮಾರಾಟಕ್ಕಿದೆ ಎಂದಿಟ್ಟುಕೊಳ್ಳೋಣ. ಕೊಳ್ಳುವವರ ಪರ ವಕೀಲರು ಮೊದಲು ಕೇಳುವುದು ವಂಶವೃಕ್ಷವನ್ನು. ನಿವೇಶನವು ತಂದೆಯ ಸ್ವಯಾರ್ಜಿತವೇ ಅಥವಾ ಪಿತ್ರಾರ್ಜಿತವೇ? ಗಂಡು ಮಕ್ಕಳೆಷ್ಟು, ಹೆಣ್ಣು ಮಕ್ಕಳೆಷ್ಟು? ಮದುವೆಯಾಗಿ ಮೈಸೂರಿಗೋ ಅಮೆರಿಕಕ್ಕೋ ಹೋದ ಮಗಳ ಸಹಿ ಇದೆಯೇ, ಇಲ್ಲದಿದ್ದರೆ ಆಕೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿದ್ದಾಳೆಯೇ? ಈ ಪ್ರಶ್ನೆಗಳಿಗೆ ಉತ್ತರ ಸಿಗದೆ ಮುಂಗಡದ ಹಣ ಕೈ ಬದಲಾಗುವುದಿಲ್ಲ.

ನಗರದ ಓದುಗರು ಇದನ್ನು ಇತ್ತೀಚಿನ ಕಾಯ್ದೆಗಳ ಗೋಜಲು ಎಂದು ಭಾವಿಸುವುದುಂಟು. ಆದರೆ ಸ್ವಯಾರ್ಜಿತ-ಪಿತ್ರಾರ್ಜಿತಗಳ ಈ ಭೇದ ನಮ್ಮ ನ್ಯಾಯಾಲಯಗಳಿಗೆ ಬಂದದ್ದು ಯಾವ ಶಾಸನಸಭೆಯಿಂದಲೂ ಅಲ್ಲ. ಸುಮಾರು ಒಂಬೈನೂರು ವರ್ಷಗಳ ಹಿಂದೆ ರಾಜ್ಯದ ಉತ್ತರ ತುದಿಯ ಕಲ್ಯಾಣದಲ್ಲಿ ಕುಳಿತು ಸನ್ಯಾಸಿಯೊಬ್ಬ ಬರೆದ ವ್ಯಾಖ್ಯಾನವೇ ಅದರ ಮುಖ್ಯ ಆಕರ. ಗ್ರಂಥದ ಹೆಸರು ಮಿತಾಕ್ಷರ, ಬರೆದವನು ವಿಜ್ಞಾನೇಶ್ವರ. ಆತ ರಾಜನಾಗಿರಲಿಲ್ಲ. ಆತನ ಮಾತಿಗೆ ದಂಡಾಧಿಕಾರದ ಬಲವೂ ಇರಲಿಲ್ಲ. ಆದರೂ ಕಲ್ಕತ್ತೆಯ ಅದಾಲತ್ತು, ಲಂಡನ್ನಿನ ಪ್ರಿವಿ ಕೌನ್ಸಿಲ್, ದೆಹಲಿಯ ಸುಪ್ರೀಂ ಕೋರ್ಟುಗಳು ಆತನ ಪುಟಗಳನ್ನು ತಿರುವಿ ತೀರ್ಪು ನೀಡಿದವು. ವಿದ್ವಾಂಸನೊಬ್ಬನ ಬರಹ ಕಾನೂನಾಗುವುದು ಹೇಗೆ, ಹಾಗಾಗುವಾಗ ಅದರ ಯಾವ ಭಾಗ ಉಳಿಯುತ್ತದೆ, ಯಾವ ಭಾಗ ಕಳೆದುಹೋಗುತ್ತದೆ ಎಂಬುದಕ್ಕೆ ಕನ್ನಡ ನಾಡಿನಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವಿಲ್ಲ.

ವಿಕ್ರಮಾದಿತ್ಯನ ಕಲ್ಯಾಣ

ಕಲ್ಯಾಣವೆಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಬಸವಣ್ಣನವರು ಮತ್ತು ಅನುಭವ ಮಂಟಪ. ಅದಕ್ಕೂ ಅರ್ಧ ಶತಮಾನದಷ್ಟು ಹಿಂದೆಯೇ ಈ ನಗರ ವಿದ್ವತ್ತಿನ ನೆಲೆಯಾಗಿತ್ತು. ಕಲ್ಯಾಣದ ಚಾಲುಕ್ಯರಲ್ಲಿ ಅಗ್ರಗಣ್ಯನಾದ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟವೇರಿ, ಶಕ ವರ್ಷದ ಬದಲು ತನ್ನದೇ ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದನು. 1126ರವರೆಗೆ ಐದು ದಶಕಗಳ ಕಾಲ ಆಳಿದನು. ಕಾಶ್ಮೀರದಿಂದ ಬಂದ ಬಿಲ್ಹಣ ಇವನ ಆಸ್ಥಾನದಲ್ಲಿದ್ದುಕೊಂಡು ವಿಕ್ರಮಾಂಕದೇವಚರಿತವನ್ನು ರಚಿಸಿದನು. ಇವನ ಮಗ ಮೂರನೆಯ ಸೋಮೇಶ್ವರ ಮಾನಸೋಲ್ಲಾಸದ ಕರ್ತೃ. ಇಂಥ ಕಾಲದಲ್ಲಿ, ಇಂಥ ನಗರದಲ್ಲಿ ವಿಜ್ಞಾನೇಶ್ವರ ಬಾಳಿದನು.

ಆತನ ಬದುಕಿನ ವಿವರಗಳು ಆತನ ಗ್ರಂಥದಷ್ಟೇ ಮಿತ. ಭಾರದ್ವಾಜ ಗೋತ್ರದ ಪದ್ಮನಾಭ ಭಟ್ಟೋಪಾಧ್ಯಾಯನ ಮಗನೆಂದೂ, ಉತ್ತಮ ಎಂಬ ಗುರುವಿನ ಶಿಷ್ಯನೆಂದೂ, ಪರಮಹಂಸ ಪರಿವ್ರಾಜಕನೆಂದೂ ಗ್ರಂಥದ ಕೊನೆಯ ಭಾಗದಿಂದ ತಿಳಿದುಬರುತ್ತದೆ. ಅಲ್ಲಿಯೇ ಆತ ತನ್ನ ಊರಾದ ಕಲ್ಯಾಣವನ್ನೂ, ತನ್ನ ದೊರೆಯಾದ ವಿಕ್ರಮನನ್ನೂ ಮನಸಾರೆ ಹೊಗಳಿದ್ದಾನೆ. ಬೀದರ್ ಜಿಲ್ಲೆಯ ಬಸವಕಲ್ಯಾಣ ಇಂದು ಆ ಹಳೆಯ ರಾಜಧಾನಿಯ ನೆನಪನ್ನು ಹೊತ್ತು ನಿಂತಿದೆ. ಕಲಬುರಗಿ ಜಿಲ್ಲೆಯ ಮರತೂರಿನ ಜನ ಆತನನ್ನು ತಮ್ಮ ಊರಿನವನೆಂದೇ ಭಾವಿಸಿದ್ದಾರೆ. ಅಲ್ಲಿ ವಿಜ್ಞಾನೇಶ್ವರನ ಹೆಸರಿನ ಭವನವೂ ಇದೆ.

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಪರಿವ್ರಾಜಕನಾದವನಿಗೆ ಮನೆಯಿಲ್ಲ, ಹೊಲವಿಲ್ಲ, ಪಾಲು ಕೇಳುವ ದಾಯಾದಿಗಳಿಲ್ಲ. ಎಲ್ಲವನ್ನೂ ತೊರೆದ ಅಂಥವನೊಬ್ಬನು ಅಣ್ಣ-ತಮ್ಮಂದಿರು ಆಸ್ತಿಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಅತ್ಯಂತ ಸೂಕ್ಷ್ಮವಾಗಿ ವಿಚಾರಮಾಡಿ ಬರೆದನು. ಪಾಲಿನಲ್ಲಿ ಸ್ವಂತದ ಹಿತವಿಲ್ಲದವನು ಬರೆದದ್ದರಿಂದಲೇ ಅದಕ್ಕೆ ಅಷ್ಟು ವಿಶ್ವಾಸ ದೊರೆಯಿತೆಂದರೆ ತಪ್ಪಾಗಲಾರದು.

ಸಾವಿರ ಶ್ಲೋಕಗಳಿಗೆ ಒಂದು ಕನ್ನಡಿ

ಯಾಜ್ಞವಲ್ಕ್ಯ ಸ್ಮೃತಿ ಸುಮಾರು ಸಾವಿರ ಶ್ಲೋಕಗಳ ಗ್ರಂಥ. ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಮೂರು ಭಾಗಗಳು ಅದರಲ್ಲಿವೆ. ವ್ಯವಹಾರವೆಂದರೆ ಇಂದಿನ ಅರ್ಥದಲ್ಲಿ ನ್ಯಾಯಾಲಯದ ಕಾನೂನು: ಸಾಲ, ಸಾಕ್ಷಿ, ದಸ್ತಾವೇಜು, ಪಾಲುದಾರಿಕೆ, ದಾಯಭಾಗ. ಈ ಸ್ಮೃತಿಗೆ ವಿಶ್ವರೂಪನೆಂಬ ವಿದ್ವಾಂಸ ಮೊದಲೇ ವ್ಯಾಖ್ಯಾನ ಬರೆದಿದ್ದನು. ವಿಜ್ಞಾನೇಶ್ವರ ಅದನ್ನು ಓದಿ, ಆ ವಿಸ್ತಾರವಾದ ವಿವರಣೆಯನ್ನು ಸರಳ ಮತ್ತು ಮಿತವಾದ ಮಾತುಗಳಲ್ಲಿ ತಿಳಿಸುವ ಸಂಕಲ್ಪ ಮಾಡಿದನು. ಮಿತಾಕ್ಷರ ಎಂಬ ಹೆಸರು ಬಂದದ್ದು ಹಾಗೆ.

ಹೆಸರು ಮಿತವಾದರೂ ಕೆಲಸ ದೊಡ್ಡದು. ಮನು, ನಾರದ, ಬೃಹಸ್ಪತಿ ಮೊದಲಾದ ಸ್ಮೃತಿಕಾರರ ಮಾತುಗಳು ಒಂದಕ್ಕೊಂದು ತಾಕಲಾಡುವಲ್ಲಿ ಆತ ಮೀಮಾಂಸಾ ಶಾಸ್ತ್ರದ ನಿಯಮಗಳನ್ನು ಹಿಡಿದು ಹೊಂದಾಣಿಕೆ ಮಾಡಿದನು. ಅಸಹಾಯ, ಮೇಧಾತಿಥಿ, ಭಾರುಚಿ, ಧಾರೇಶ್ವರ ಮುಂತಾದ ಹಿಂದಿನವರ ಅಭಿಪ್ರಾಯಗಳನ್ನು ಎದುರಿಗಿಟ್ಟು, ಕೆಲವನ್ನು ಒಪ್ಪಿ ಕೆಲವನ್ನು ತಳ್ಳಿಹಾಕಿದನು. ಧಾರೇಶ್ವರನೆಂದರೆ ಧಾರಾನಗರದ ಭೋಜರಾಜ. ದೊರೆಯ ಅಭಿಪ್ರಾಯವನ್ನೂ ಸನ್ಯಾಸಿ ಮುಲಾಜಿಲ್ಲದೆ ಖಂಡಿಸಿದನೆಂಬುದು ಗಮನಾರ್ಹ.

ಹುಟ್ಟಿನೊಂದಿಗೇ ಬರುವ ಹಕ್ಕು

ಆತ ಎತ್ತಿಕೊಂಡ ಮೂಲ ಪ್ರಶ್ನೆ ಇದು: ಒಂದು ವಸ್ತು ನನ್ನದು ಎಂಬುದು ಎಲ್ಲಿಂದ ಹುಟ್ಟುತ್ತದೆ? ಶಾಸ್ತ್ರದಿಂದ ಎಂದು ಕೆಲವರು ವಾದಿಸಿದ್ದರು. ವಿಜ್ಞಾನೇಶ್ವರ ಅದನ್ನು ಒಪ್ಪಲಿಲ್ಲ. ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ, ತಮ್ಮದು ಎನ್ನುತ್ತಾರೆ. ಆದ್ದರಿಂದ ಸ್ವತ್ತು ಲೋಕವ್ಯವಹಾರದಿಂದ ಹುಟ್ಟಿದ್ದು ಎಂಬುದು ಆತನ ನಿಲುವು.

ಲೋಕವನ್ನು ನೋಡಿದರೆ ಮಗ ಹುಟ್ಟಿದೊಡನೆಯೇ ಕುಲದ ಆಸ್ತಿಯಲ್ಲಿ ಅವನಿಗೂ ಪಾಲಿದೆ ಎಂದು ಜನ ಭಾವಿಸುತ್ತಾರೆ. ಹೀಗಾಗಿ ಮಗನ, ಮೊಮ್ಮಗನ ಹಕ್ಕು ತಂದೆಯ ಸಾವಿಗಾಗಿ ಕಾಯುವುದಿಲ್ಲ. ಅದು ಜನ್ಮದಿಂದಲೇ ಬರುತ್ತದೆ. ಇದನ್ನು ಆತ ಅಪ್ರತಿಬಂಧ ದಾಯ, ಅಂದರೆ ಅಡ್ಡಿಯಿಲ್ಲದ ದಾಯ ಎಂದನು. ಮಕ್ಕಳಿಲ್ಲದವನ ಆಸ್ತಿ ಅವನ ಸಹೋದರನಿಗೋ ಚಿಕ್ಕಪ್ಪನಿಗೋ ಹೋಗಬೇಕಾದರೆ ಮಾಲೀಕ ಬದುಕಿರುವುದೇ ಒಂದು ಅಡ್ಡಿ. ಅದು ಸಪ್ರತಿಬಂಧ ದಾಯ. ತಂದೆ ತಾನೇ ದುಡಿದು ಗಳಿಸಿದ ಆಸ್ತಿಯನ್ನು ವಿನಿಯೋಗಿಸುವ ಸ್ವಾತಂತ್ರ್ಯವನ್ನು ಮಾತ್ರ ಆತ ತಂದೆಗೇ ಬಿಟ್ಟನು.

ಸರಿಸುಮಾರು ಇದೇ ಯುಗದಲ್ಲಿ ಬಂಗಾಳದ ಜೀಮೂತವಾಹನ ದಾಯಭಾಗವೆಂಬ ಗ್ರಂಥದಲ್ಲಿ ಇದಕ್ಕೆ ವಿರುದ್ಧವಾದ ಸಿದ್ಧಾಂತವನ್ನು ಮಂಡಿಸಿದನು. ಅಲ್ಲಿ ತಂದೆ ಇರುವವರೆಗೆ ಮಗನಿಗೆ ಹಕ್ಕಿಲ್ಲ. ಬಂಗಾಳ-ಅಸ್ಸಾಂಗಳು ಅದನ್ನು ಅನುಸರಿಸಿದವು. ಉಳಿದ ಬಹುಪಾಲು ಭಾರತ ಕಲ್ಯಾಣದ ಸನ್ಯಾಸಿಯ ಹಾದಿ ಹಿಡಿಯಿತು. ಸಪಿಂಡ ಎಂಬುದಕ್ಕೆ ಪಿಂಡಪ್ರದಾನದ ಸಂಬಂಧ ಎನ್ನುವ ಬದಲು ಒಂದೇ ಶರೀರದ ಅಂಶವನ್ನು ಹಂಚಿಕೊಂಡವರು ಎಂದು ಅರ್ಥ ಹೇಳಿದವನೂ ವಿಜ್ಞಾನೇಶ್ವರನೇ. 1955ರ ಹಿಂದೂ ವಿವಾಹ ಕಾಯ್ದೆಯು ತಲೆಮಾರುಗಳ ಲೆಕ್ಕವನ್ನು ಕಡಿಮೆ ಮಾಡಿತಾದರೂ ಸಪಿಂಡ ವಿವಾಹದ ನಿಷೇಧವನ್ನು ಉಳಿಸಿಕೊಂಡಿದೆ.

ಇನ್ನೂ ಒಂದು ಮಾತನ್ನು ಮರೆಯುವಂತಿಲ್ಲ. ಹಿರಿಯ ಮಗನಿಗೆ ಹೆಚ್ಚಿನ ಪಾಲು ಕೊಡಲು ಸ್ಮೃತಿಗಳಲ್ಲಿ ಆಧಾರವಿತ್ತು. ಶಾಸ್ತ್ರದಲ್ಲಿದ್ದರೂ ಜನರು ಒಪ್ಪದ ಆಚರಣೆಯನ್ನು ನಡೆಸಬಾರದೆಂದು ಹೇಳಿ ವಿಜ್ಞಾನೇಶ್ವರ ಸಮಪಾಲನ್ನೇ ಎತ್ತಿಹಿಡಿದನು.

ಹೆಣ್ಣಿನ ಪಾಲು

ಮಿತಾಕ್ಷರವೆಂದರೆ ಹೆಣ್ಣು ಮಕ್ಕಳಿಗೆ ಆಸ್ತಿ ತಪ್ಪಿಸಿದ ಗ್ರಂಥ ಎಂಬ ಮಾತು ಬಳಕೆಯಲ್ಲಿದೆ. ಹುಟ್ಟಿನಿಂದ ಬರುವ ಹಕ್ಕನ್ನು ಆತ ಗಂಡು ಸಂತತಿಗೆ ಮೀಸಲಿಟ್ಟನೆಂಬುದು ನಿಜ. ಆದರೆ ಗ್ರಂಥವನ್ನು ಪೂರ್ತಿ ನೋಡಿದರೆ ಚಿತ್ರ ಅಷ್ಟು ಸರಳವಾಗಿಲ್ಲ.

ತಂದೆಯ ನಂತರ ಮಕ್ಕಳು ಪಾಲಾದಾಗ ತಾಯಿಗೂ ಮಗನಷ್ಟೇ ಪಾಲು ಸಲ್ಲಬೇಕು ಎಂದು ಆತ ವಿವರಿಸಿದನು. ಮದುವೆಯಾಗದ ಸಹೋದರಿಗೆ ಕಾಲು ಪಾಲು ಎಂಬ ಸ್ಮೃತಿವಾಕ್ಯವನ್ನು ಭಾರುಚಿಯು ಮದುವೆಯ ಖರ್ಚು ಎಂದಷ್ಟೇ ಅರ್ಥೈಸಿದ್ದನು. ವಿಜ್ಞಾನೇಶ್ವರ ಅದನ್ನು ನಿರಾಕರಿಸಿ, ಆಕೆ ತಂದೆಯ ಆಸ್ತಿಯಲ್ಲಿ ನಿಜವಾದ ಪಾಲಿಗೆ ಹಕ್ಕುದಾರಳೆಂದು ಹೇಳಿದನು. ಗಂಡು ಸಂತಾನವಿಲ್ಲದೆ, ಪಾಲಾಗಿ ಬೇರೆಯಾಗಿ ಬಾಳಿ ತೀರಿಕೊಂಡವನಿಗೆ ಹೆಂಡತಿಯೇ ಮೊದಲ ವಾರಸುದಾರಳು ಎಂದನು. ತಂದೆ-ತಾಯಿಗಳಲ್ಲಿ ತಾಯಿಗೆ ಮೊದಲ ಸ್ಥಾನ ಕೊಟ್ಟನು. ಸ್ತ್ರೀಧನದ ವಿಷಯದಲ್ಲಂತೂ ಆತ ಇನ್ನೂ ಮುಂದೆ ಹೋದನು. ಯಾಜ್ಞವಲ್ಕ್ಯನ ಪಟ್ಟಿಯಲ್ಲಿದ್ದ, ಮೊದಲಾದವು ಎಂಬರ್ಥದ ಒಂದೇ ಒಂದು ಪದವನ್ನು ಹಿಡಿದು, ವಾರಸುದಾರಿಕೆಯಿಂದ, ಖರೀದಿಯಿಂದ, ಪಾಲಿನಿಂದ ಹೆಣ್ಣಿಗೆ ಬಂದದ್ದೆಲ್ಲವೂ ಸ್ತ್ರೀಧನವೇ ಎಂದು ಸಾಧಿಸಿದನು.

ಕಲ್ಕತ್ತೆಯಿಂದ ಲಂಡನ್ನಿಗೆ

ಮಿತಾಕ್ಷರದ ಮೇಲೆ ಮತ್ತೆ ವ್ಯಾಖ್ಯಾನಗಳು ಬಂದವು. ವಿಶ್ವೇಶ್ವರ ಭಟ್ಟನ ಸುಬೋಧಿನಿ ಮತ್ತು ಲಕ್ಷ್ಮೀದೇವಿ ಎಂಬಾಕೆಯ ಹೆಸರಿನಲ್ಲಿರುವ ಬಾಲಂಭಟ್ಟೀ ಅವುಗಳಲ್ಲಿ ಪ್ರಸಿದ್ಧ. ಪಂಡಿತರ ನಡುವೆ ಹೀಗೆ ಬಾಳಿದ್ದ ಗ್ರಂಥಕ್ಕೆ ಹೊಸ ಜನ್ಮ ಬಂದದ್ದು ಕಂಪನಿ ಸರ್ಕಾರದ ಕಾಲದಲ್ಲಿ. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಹಿಂದೂಗಳ ವಾರಸು, ವಿವಾಹಗಳ ವ್ಯಾಜ್ಯಗಳನ್ನು ಅವರ ಶಾಸ್ತ್ರದಂತೆಯೇ ತೀರ್ಮಾನಿಸಬೇಕೆಂಬ ಯೋಜನೆ ತಂದನು. ನ್ಯಾಯಾಲಯಗಳಿಗೆ ಪಂಡಿತರ ನೇಮಕವಾಯಿತು.

ಸಂಸ್ಕೃತ ಬಾರದ ನ್ಯಾಯಾಧೀಶರಿಗೆ ಪಂಡಿತರ ಮಾತನ್ನು ಪರೀಕ್ಷಿಸುವ ದಾರಿ ಬೇಕಿತ್ತು. ಕಲ್ಕತ್ತೆಯ ಸದರ್ ದಿವಾನಿ ಅದಾಲತ್ತಿನ ನ್ಯಾಯಾಧೀಶ ಎಚ್.ಟಿ. ಕೋಲ್‌ಬ್ರೂಕ್ 1810ರಲ್ಲಿ ಮಿತಾಕ್ಷರದ ದಾಯವಿಭಾಗದ ಭಾಗವನ್ನೂ ಜೀಮೂತವಾಹನನ ದಾಯಭಾಗವನ್ನೂ ಇಂಗ್ಲಿಷಿಗೆ ತಂದನು. ಅಂದಿನಿಂದ ಮಿತಾಕ್ಷರವೆಂದರೆ ನ್ಯಾಯಾಲಯಗಳ ಮಟ್ಟಿಗೆ ಹೆಚ್ಚುಕಡಿಮೆ ಈ ಅನುವಾದಿತ ಭಾಗವೇ ಆಯಿತು. 1864ರಲ್ಲಿ ಪಂಡಿತರ ಹುದ್ದೆಗಳೂ ರದ್ದಾದವು. ನಾಲ್ಕು ವರ್ಷಗಳ ನಂತರ, 1868ರಲ್ಲಿ, ರಾಮನಾಡು ಜಮೀನುದಾರಿಕೆಯ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲ್ ಒಂದು ಮಹತ್ವದ ಸೂತ್ರವನ್ನು ನೀಡಿತು. ಮೂಲ ಸ್ಮೃತಿಯಿಂದ ಯಾವ ಅರ್ಥ ಹೊರಡುತ್ತದೆ ಎಂದು ನ್ಯಾಯಾಧೀಶ ಹುಡುಕುವ ಅಗತ್ಯವಿಲ್ಲ. ಆ ಪ್ರಾಂತ್ಯದಲ್ಲಿ ಮಾನ್ಯನಾದ ವ್ಯಾಖ್ಯಾನಕಾರ ಏನು ಹೇಳಿದ್ದಾನೆ, ರೂಢಿ ಅದನ್ನು ಒಪ್ಪಿದೆಯೇ ಎಂದು ನೋಡಿದರೆ ಸಾಕು. ರೂಢಿ ಸ್ಪಷ್ಟವಾಗಿ ಸಾಬೀತಾದರೆ ಅದು ಗ್ರಂಥವನ್ನೂ ಮೀರುತ್ತದೆ. ವ್ಯಾಖ್ಯಾನಕಾರ ಋಷಿಗಿಂತ ಮುಂದಿನ ಸಾಲಿಗೆ ಬಂದದ್ದು ಹೀಗೆ.

ಕೈಬಿಟ್ಟ ಪುಟಗಳು

ಆದರೆ ಇದೇ ನ್ಯಾಯಾಲಯಗಳು ವಿಜ್ಞಾನೇಶ್ವರನನ್ನು ಎಲ್ಲೆಡೆ ಅನುಸರಿಸಲಿಲ್ಲ. ಗಂಡನಿಂದ ವಿಧವೆಗೆ ವಾರಸಾಗಿ ಬಂದ ಆಸ್ತಿ ಸ್ತ್ರೀಧನವಲ್ಲ ಎಂದು 1867ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ಹೆಣ್ಣಿನಿಂದ ಹೆಣ್ಣಿಗೆ ವಾರಸಾಗಿ ಬಂದ ಆಸ್ತಿಯೂ ಸ್ತ್ರೀಧನವಲ್ಲ ಎಂದು 1903ರಲ್ಲಿ ಹೇಳಿತು. ವಿಧವೆಗೆ ಸಿಕ್ಕಿದ್ದು ಜೀವಮಾನದವರೆಗಿನ ಸೀಮಿತ ಹಕ್ಕು ಮಾತ್ರ. ಮಿತಾಕ್ಷರದ ಸ್ಪಷ್ಟ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿತ್ತು. ದಕ್ಷಿಣದಲ್ಲಿ ಸ್ಮೃತಿಚಂದ್ರಿಕೆಯಂಥ ನಂತರದ ಗ್ರಂಥಗಳ ಪ್ರಭಾವದಿಂದ ತಾಯಿಯ ಪಾಲು ಆಚರಣೆಯಿಂದಲೇ ಮರೆಯಾಯಿತು. ಸಹೋದರಿಯ ಕಾಲು ಪಾಲು ಕೊನೆಗೆ ಮದುವೆಯ ಖರ್ಚಿನ ಮಟ್ಟಕ್ಕೇ ಇಳಿಯಿತು. ಅಂದರೆ ಗಂಡು ಮಕ್ಕಳ ಜನ್ಮಸಿದ್ಧ ಹಕ್ಕು ಉಳಿದು, ಹೆಣ್ಣು ಮಕ್ಕಳ ಪರವಾದ ಮಾತುಗಳು ಉದುರಿಹೋದವು. ಇಷ್ಟಾದರೂ ದೂರು ಮಾತ್ರ ಗ್ರಂಥಕರ್ತನ ಹೆಸರಿಗೇ ಅಂಟಿಕೊಂಡಿತು.

ಈ ನಷ್ಟವನ್ನು ಮೊದಲು ತುಂಬಲು ಹೊರಟವುಗಳಲ್ಲಿ ನಮ್ಮ ಮೈಸೂರು ಸಂಸ್ಥಾನವೂ ಒಂದು ಎಂಬುದು ಹೆಮ್ಮೆಯ ಸಂಗತಿ. 1933ರ ಮೈಸೂರು ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯ್ದೆಯು ಅವಿಭಕ್ತ ಕುಟುಂಬ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣು ಮಕ್ಕಳಿಗೆ ಪಾಲನ್ನು ಕೊಟ್ಟಿತು. ಮದುವೆಯಾಗದ ಸಹೋದರಿಗೆ ನಿಗದಿಯಾದದ್ದು ಸಹೋದರನ ಪಾಲಿನ ಕಾಲು ಭಾಗ. ಮಿತಾಕ್ಷರದಲ್ಲಿ ಮರೆತುಹೋಗಿದ್ದ ಅದೇ ಲೆಕ್ಕ. ಬ್ರಿಟಿಷ್ ಭಾರತದಲ್ಲಿ ವಿಧವೆಯರ ಹಕ್ಕಿನ ಕಾಯ್ದೆ ಬಂದದ್ದು ಇದಾಗಿ ನಾಲ್ಕು ವರ್ಷಗಳ ನಂತರ, 1937ರಲ್ಲಿ. ಇಂದಿನ ಕುಮಾರಸ್ವಾಮಿ ಲೇಔಟ್, ಜೆ.ಪಿ. ನಗರ, ಬನಶಂಕರಿಗಳು ಎದ್ದು ನಿಂತಿರುವ ನೆಲ ಅಂದು ಮೈಸೂರು ಸಂಸ್ಥಾನಕ್ಕೆ ಸೇರಿತ್ತಾದ್ದರಿಂದ ಇಲ್ಲಿನ ಹಳ್ಳಿಗಳ ಹಿಂದೂ ಕುಟುಂಬಗಳಿಗೂ ಈ ಕಾಯ್ದೆ ಅನ್ವಯಿಸುತ್ತಿತ್ತು.

ಅಮೆರಿಕದ ಹೋಲಿಕೆ

ವಿದ್ವಾಂಸರ ಬರಹ ನ್ಯಾಯಾಲಯದಲ್ಲಿ ಕಾನೂನಿನಂತೆ ನಡೆಯುವುದು ಭಾರತದ ವೈಚಿತ್ರ್ಯವೇನಲ್ಲ. ಅಮೆರಿಕದಲ್ಲಿ ಪ್ರತಿ ರಾಜ್ಯದ ತೀರ್ಪುಗಳೂ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತಿದ್ದಾಗ, 1923ರಲ್ಲಿ ನ್ಯಾಯಾಧೀಶರು, ವಕೀಲರು, ಪ್ರಾಧ್ಯಾಪಕರು ಸೇರಿ ಅಮೆರಿಕನ್ ಲಾ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು. ಚದುರಿದ ತೀರ್ಪುಗಳಿಂದ ನಿಯಮಗಳನ್ನು ಸೋಸಿ ತೆಗೆದು ರೀಸ್ಟೇಟ್‌ಮೆಂಟ್, ಅಂದರೆ ಕಾನೂನಿನ ಮರುನಿರೂಪಣೆ ಎಂಬ ಹೆಸರಿನಲ್ಲಿ ಪ್ರಕಟಿಸುವುದು ಅದರ ಕೆಲಸ. ಕರಾರು ಕಾನೂನಿನ ಸಂಪುಟ 1932ರಲ್ಲಿ ಹೊರಬಂದಿತು. ಮೊದಲು ಸೂತ್ರದಂಥ ನಿಯಮ, ಅದರ ಕೆಳಗೆ ವಿವರಣೆ, ಆಮೇಲೆ ಉದಾಹರಣೆ ಎಂಬ ಅದರ ಕ್ರಮ ನಮ್ಮ ಸ್ಮೃತಿ-ವ್ಯಾಖ್ಯಾನಗಳನ್ನೇ ನೆನಪಿಗೆ ತರುತ್ತದೆ.

ಈ ಸಂಪುಟಗಳಿಗೆ ಶಾಸನದ ಬಲವಿಲ್ಲ. ನ್ಯಾಯಾಧೀಶರು ಒಪ್ಪಿದರೆ ಮಾತ್ರ ಅವು ಕಾನೂನು. 1965ರಲ್ಲಿ ಪ್ರಕಟವಾದ ಒಂದು ನಿಯಮವಂತೂ ದೋಷಯುಕ್ತ ವಸ್ತುವಿನಿಂದ ಗ್ರಾಹಕನಿಗೆ ಹಾನಿಯಾದರೆ, ಅಜಾಗರೂಕತೆ ಸಾಬೀತಾಗದಿದ್ದರೂ ಮಾರಿದವನೇ ಹೊಣೆ ಎಂದಿತು. ಕೆಲವೇ ವರ್ಷಗಳಲ್ಲಿ ಬಹುತೇಕ ರಾಜ್ಯಗಳು ಅದನ್ನು ಸ್ವೀಕರಿಸಿದವು. ಇರುವ ಕಾನೂನನ್ನು ಹೇಳುವ ನೆಪದಲ್ಲಿ ಪ್ರಾಧ್ಯಾಪಕರು ತಮಗೆ ಬೇಕಾದ ಕಾನೂನನ್ನೇ ಬರೆಯುತ್ತಿದ್ದಾರೆಂದು ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಕಾಲಿಯಾ 2015ರಲ್ಲಿ ಆಕ್ಷೇಪಿಸಿದ್ದೂ ಉಂಟು. ವಿಜ್ಞಾನೇಶ್ವರನ ಮೇಲೂ ಇದೇ ಆಕ್ಷೇಪ ಹೊರಿಸಬಹುದು. ಒಂದು ಪದದಿಂದ ಸ್ತ್ರೀಧನದ ಸೀಮೆಯನ್ನೇ ವಿಸ್ತರಿಸಿದವನು ಆತ. ವ್ಯತ್ಯಾಸವಿಷ್ಟೇ: ಅಮೆರಿಕದ ಸಂಸ್ಥೆ ತನ್ನ ಸಂಪುಟಗಳನ್ನು ಮತ್ತೆ ಮತ್ತೆ ಪರಿಷ್ಕರಿಸುತ್ತದೆ. ತೀರಿಹೋದ ಸನ್ಯಾಸಿಗೆ, ತನ್ನನ್ನು ತಪ್ಪಾಗಿ ಓದಿದ ನ್ಯಾಯಾಧೀಶರನ್ನು ತಿದ್ದುವ ಅವಕಾಶವಿರಲಿಲ್ಲ.

ಮಗಳಿಗೆ ತೆರೆದ ಬಾಗಿಲು

1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದಿತು. ಅದರ 14ನೆಯ ಕಲಮು ಹೆಣ್ಣಿನ ಸೀಮಿತ ಹಕ್ಕನ್ನು ಪೂರ್ಣ ಒಡೆತನವಾಗಿಸಿತು. ಪ್ರಿವಿ ಕೌನ್ಸಿಲ್ ಬದಿಗೆ ಸರಿಸಿದ್ದ ವಿಜ್ಞಾನೇಶ್ವರನ ಆಶಯ ಒಂದರ್ಥದಲ್ಲಿ ಸಂಸತ್ತಿನ ಮೂಲಕ ಹಿಂದಿರುಗಿತು. ಆದರೆ 6ನೆಯ ಕಲಮು ಮಿತಾಕ್ಷರದ ಅವಿಭಕ್ತ ಕುಟುಂಬವನ್ನು ಗಂಡಸರ ಕೂಟವಾಗಿಯೇ ಉಳಿಸಿತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಯಾಗಿ, ಅಲ್ಲಿಯವರೆಗೆ ಮದುವೆಯಾಗಿರದ ಹೆಣ್ಣು ಮಕ್ಕಳಿಗೆ ಹುಟ್ಟಿನಿಂದ ಪಾಲು ನೀಡಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ವಿವಾಹಿತೆ-ಅವಿವಾಹಿತೆ ಭೇದವಿಲ್ಲದೆ ಎಲ್ಲ ಹೆಣ್ಣು ಮಕ್ಕಳನ್ನೂ ಸಮಾನ ಪಾಲುದಾರರನ್ನಾಗಿಸಿತು.

ಆಗ ಎದ್ದ ಪ್ರಶ್ನೆ: 2005ಕ್ಕೆ ಮುನ್ನವೇ ತಂದೆ ತೀರಿಕೊಂಡಿದ್ದರೆ ಮಗಳ ಗತಿಯೇನು? ಕರ್ನಾಟಕ ಹೈಕೋರ್ಟಿನಿಂದ ಹೋದ ಎರಡು ಮೇಲ್ಮನವಿಗಳಲ್ಲಿ, 2015 ಮತ್ತು 2018ರಲ್ಲಿ, ಸುಪ್ರೀಂ ಕೋರ್ಟಿನ ಪೀಠಗಳು ಬೇರೆ ಬೇರೆ ದಿಕ್ಕಿನಲ್ಲಿ ನುಡಿದವು. ಗೊಂದಲ ಬಗೆಹರಿದದ್ದು 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ ತ್ರಿಸದಸ್ಯ ಪೀಠ ನೀಡಿದ ತೀರ್ಪಿನಿಂದ. ಆ ತೀರ್ಪಿನ ಹೃದಯಭಾಗದಲ್ಲಿರುವುದು ಅಪ್ರತಿಬಂಧ ದಾಯ ಎಂಬ ಹಳೆಯ ಪರಿಕಲ್ಪನೆ. ಹಕ್ಕು ಬರುವುದು ಜನ್ಮದಿಂದ; ತಂದೆ ಬದುಕಿದ್ದಾನೋ ಇಲ್ಲವೋ ಎಂಬುದು ಅದಕ್ಕೆ ಅಡ್ಡಿಯಲ್ಲ; ಆದ್ದರಿಂದ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಜೀವಂತವಾಗಿರಬೇಕಿಲ್ಲ. ಗಂಡು ಮಕ್ಕಳಿಗಾಗಿ ಕಟ್ಟಿದ ತರ್ಕದ ಮೆಟ್ಟಿಲನ್ನೇ ಹತ್ತಿ ಹೆಣ್ಣು ಮಕ್ಕಳು ಒಳಗೆ ಬಂದರು. 2004ರ ಡಿಸೆಂಬರ್ 20ಕ್ಕೆ ಮೊದಲು ಕಾನೂನುಬದ್ಧವಾಗಿ ಆಗಿಹೋದ ವಿಭಾಗ, ಮಾರಾಟಗಳಿಗೆ ಮಾತ್ರ ಧಕ್ಕೆಯಿಲ್ಲ. ಬಾಯಿಮಾತಿನ ಪಾಲಿನ ಕಥೆಯನ್ನು ಮಾತ್ರ ಸುಲಭವಾಗಿ ನಂಬುವಂತಿಲ್ಲ.

ಕುಮಾರಸ್ವಾಮಿ ಲೇಔಟ್‌ನ ನಿವೇಶನಕ್ಕೆ ಮರಳೋಣ. ಅದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಿಂದ ತಂದೆ ತನ್ನ ಸಂಬಳದ ಹಣ ಕಟ್ಟಿ ಪಡೆದದ್ದಾಗಿದ್ದರೆ ಸ್ವಯಾರ್ಜಿತ. ಅದನ್ನು ಯಾರಿಗೆ ಬೇಕಾದರೂ ಉಯಿಲು ಬರೆಯುವ ಸ್ವಾತಂತ್ರ್ಯ ಆತನಿಗಿದೆ. ಉಯಿಲಿಲ್ಲದೆ ತೀರಿಕೊಂಡರೆ ಹೆಂಡತಿಗೂ ಮಕ್ಕಳಿಗೂ, ಆತನ ತಾಯಿ ಬದುಕಿದ್ದರೆ ಆಕೆಗೂ ಸಮಪಾಲು. ಲೇಔಟ್ ಆಗುವ ಮೊದಲಿನಿಂದಲೂ ಬಂದ ಕುಲದ ಜಮೀನಿನ ತುಂಡಾಗಿದ್ದರೆ ಮಗನಂತೆ ಮಗಳೂ ಹುಟ್ಟಿನಿಂದಲೇ ಪಾಲುದಾರಳು. ವಕೀಲರು ಕೇಳುವ ಮೊದಲ ಪ್ರಶ್ನೆಯ ಹಿಂದೆ ಇರುವುದು ಇದೇ ವಿವೇಚನೆ.

ವಿಜ್ಞಾನೇಶ್ವರನಿಗೆ ಕಲ್ಯಾಣದಲ್ಲಿ ಸಿಂಹಾಸನವಿರಲಿಲ್ಲ, ಸಮಾಧಿಯ ಗುರುತೂ ನಮಗುಳಿದಿಲ್ಲ. ಉಳಿದದ್ದು ಗ್ರಂಥ ಮಾತ್ರ. ಗ್ರಂಥ ತಾನಾಗಿ ಯಾರಿಗೂ ನ್ಯಾಯ ಕೊಡದು, ಯಾರಿಂದಲೂ ಕಸಿಯದು. ಅದರ ಯಾವ ಪುಟವನ್ನು ತೆರೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ನಿರ್ಧರಿಸುವವರು ಓದುವವರು. ನೂರೈವತ್ತು ವರ್ಷಗಳ ಹಿಂದಿನ ನ್ಯಾಯಾಧೀಶರು ಹೆಣ್ಣಿನ ಪುಟಗಳನ್ನು ಮುಚ್ಚಿದರು. ನಮ್ಮ ಕಾಲದವರು ಹಕ್ಕಿನ ಪುಟವನ್ನು ತೆರೆದು ಮಗಳ ಹೆಸರನ್ನೂ ಅದರಲ್ಲಿ ಬರೆದರು. ಮುಂದಿನ ಬಾರಿ ನೋಂದಣಿ ಕಚೇರಿಯಲ್ಲಿ ಅಕ್ಕ-ತಂಗಿಯರ ಸಹಿಗಾಗಿ ಕಾಯುವಾಗ ಬೇಸರಿಸುವವರು, ಆ ಸಹಿ ಒಂಬತ್ತು ಶತಮಾನ ನಡೆದು ಬಂದಿದೆ ಎಂಬುದನ್ನು ನೆನೆದರೆ ಒಳಿತು.